ಚಿತ್ರದಷ್ಟು ಉದ್ದವಿಲ್ಲದ ಕಾರು

ಸ್ವೀಡನ್ನಿನ ನಾರ್‌ಶೋಪಿಂಗ್‌ನಲ್ಲಿ ನನ್ನ ಮಗಳ ಪಕ್ಕದ ಮನೆಯಲ್ಲಿ ಬೆಂಗಳೂರಿನ ಎಂಜಿನಿಯರ್ ಒಬ್ಬನಿದ್ದ. ಐವತ್ತರ ದಶಕದ ಅಮೆರಿಕನ್ ಕಾರೊಂದನ್ನು ಕೊಂಡು, ಕಲಾವಿದರು ಬರೆದ ಅದರ ಹಳೆಯ ಜಾಹೀರಾತನ್ನೂ ತರಿಸಿದ್ದ. ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ವಾಕಿಂಗ್ ಮುಗಿಸಿ ಬರುವಾಗ, ಜಾಹೀರಾತಿನ ಹೆಂಗಸಿನಂತೆಯೇ ಹೆಂಡತಿಯನ್ನು ಕಾರಿನ ಪಕ್ಕ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, "ಒಂದ್ ಹೆಜ್ಜೆ ಹಿಂದೆ" ಎನ್ನುತ್ತ ಫೋಟೊ ತೆಗೆಯುತ್ತಿದ್ದ.

"ಇನ್ನೂ ಹಿಂದೆ ಹೋದ್ರೆ ಕಾಡೊಳಗೆ ಇರ್ತೀನಿ ಕಣೋ!" ಎನ್ನುತ್ತಿದ್ದಳು ಅವಳು.

ಒಂದು ಶನಿವಾರ ಕಾರಿನ ಗಾಜಿಗೆ 'ಮಾರಾಟಕ್ಕಿದೆ' ಎಂಬ ಚೀಟಿ ಅಂಟಿಸುತ್ತಿದ್ದ.

"ಮೋಸ ಹೋದೆ ಅಂಕಲ್. ಚಿತ್ರದಲ್ಲಿರೋಷ್ಟು ಉದ್ದ ಇಲ್ಲ. ಯಾರೋ ಮಧ್ಯ ಕಟ್ ಮಾಡಿ ವೆಲ್ಡ್ ಮಾಡಿದಾರೆ."

ನನಗೆ ಕುತೂಹಲವಾಯಿತು. ಜಾಹೀರಾತನ್ನು ಇಸಿದುಕೊಂಡು ನೋಡಿದೆ. ಅದರಲ್ಲಿ ಚಕ್ರ ಹೆಂಗಸಿನ ಸೊಂಟ ಮುಟ್ಟುತ್ತಿತ್ತು. ನಿಜವಾದ ಚಕ್ರ ಪಕ್ಕದಲ್ಲೇ ನಿಂತಿದ್ದ ಅವನ ಹೆಂಡತಿಗೆ ಮೊಣಕಾಲಿಗಿಂತ ತುಸು ಮೇಲೆ ಬರುತ್ತಿತ್ತು, ಅಷ್ಟೆ.

"ಚಕ್ರಾನೂ ಕಟ್ ಮಾಡಿದಾರೇನಪ್ಪ? ಕಾರು ಸರಿಯಾಗೇ ಇದೆ. ಅದು ದೊಡ್ಡದಾಗಿ ಕಾಣ್ಲಿ ಅಂತ ಮನುಷ್ಯರನ್ನ ಸಣ್ಣದಾಗಿ ಬರೆದಿದಾರೆ."

ಅವನು ಚಿತ್ರ ವಾಪಸ್ ಪಡೆದು, ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಎರಡನ್ನೂ ಹೋಲಿಸಿ ನೋಡಿದ. ಚೀಟಿಯನ್ನು ಕಿತ್ತವಳು ಹೆಂಡತಿ.

"ಇಷ್ಟು ದಿನ ನನ್ನನ್ನ ಕುಳ್ಳಿ ಮಾಡೋಕೆ ಒದ್ದಾಡಿದ್ಯಾ? ಕೀ ಕೊಡು" ಎಂದವಳೇ ಸ್ಟಿಯರಿಂಗ್ ಮುಂದೆ ಕುಳಿತಳು. ಅವನು ಜಾಹೀರಾತನ್ನು ನನ್ನ ಕೈಗೆ ತುರುಕಿ, ಓಡಿಹೋಗಿ ಆ ಕಡೆಯ ಬಾಗಿಲು ತೆಗೆದು ಹತ್ತಿದ.