ಜಾದೂ ಪೆಟ್ಟಿಗೆಯೂ ಅಕ್ಕನ ರವಿಕೆಯೂ

ಮೊಮ್ಮಗಳ ರಿಸೆಪ್ಷನ್ನಿಗೆ ಜಾದೂ ಮಾಡುವವನನ್ನು ಕರೆಸುತ್ತೇವೆ ಎಂದು ಮಗಳು ಫೋನಿನಲ್ಲಿ ಹೇಳಿದಾಗ ನಾನು ಗುಬ್ಬಿಯ ಮನೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಕೈ ನಿಂತುಹೋಯಿತು. ಜಾದೂ ಎಂದರೆ ನಾನು ಕಂಡಿದ್ದು ಸಂತೆಯಲ್ಲಿ. ಬಾಯಿಂದ ಕಬ್ಬಿಣದ ಗುಂಡು ಉಗುಳಿ, ಆಟ ಮುಗಿದ ಮೇಲೆ ಬಟ್ಟೆ ಹಾಸಿ ಬೇಡುತ್ತಿದ್ದರು. ಅಂಥವನನ್ನು ಛತ್ರದ ಸ್ಟೇಜಿನ ಮೇಲೆ, ಹೆಣ್ಣು ಗಂಡಿನ ಪಕ್ಕ ನಿಲ್ಲಿಸುತ್ತಾರಂತೆ. ಆರ್ಕೆಸ್ಟ್ರಾ ಹಳೆಯದಾಯಿತಂತೆ. ಗಂಡು ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಅವನ ಜೊತೆಯವರೆಲ್ಲ ಬರುತ್ತಾರೆ, ಅವರಿಗೆ ಹೊಸದೇನಾದರೂ ಬೇಕಂತೆ. ಭಾನುವಾರ ಆ ಮನುಷ್ಯ ಮನೆಗೆ ಬಂದು ಏನೇನು ಮಾಡುತ್ತೇನೆಂದು ಹೇಳುತ್ತಾನೆ, ನೀನೂ ಬಾ ಎಂದಳು. ಹೋದೆ.

ಮಗಳ ಮನೆ ತುಮಕೂರಿನ ಸದಾಶಿವನಗರದಲ್ಲಿ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಮದುವೆ ದೊಡ್ಡವಳದು. ಚಿಕ್ಕವಳು ಇನ್ನೂ ಕಾಲೇಜು, ಮಾತು ಕಡಿಮೆ, ಹೇಳಿದ ಕೆಲಸ ಮಾಡಿಕೊಂಡು ಹೋಗುವವಳು. ಕುಣಿಗಲ್‌ನಿಂದ ಗಂಡು ಮತ್ತು ಅವನ ತಾಯಿ ಬಂದಿದ್ದರು. ಬೀಗಿತ್ತಿ ಗಟ್ಟಿ ಹೆಂಗಸು. ಬಂದಾಗಿನಿಂದ ಎಲೆಗೆ ಎಷ್ಟು ಸಿಹಿ ಎಂಬುದೇ ಮಾತು. ಜಾದೂ ಕೂಡ ಅವಳಿಗೆ ಬಡಿಸುವ ಇನ್ನೊಂದು ಐಟಂ.

ಜಾದೂಗಾರ ಪೇಟ ಸುತ್ತಿಕೊಂಡು ಬರುತ್ತಾನೆ ಎಂದುಕೊಂಡಿದ್ದೆ. ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು, ಇನ್ಶೂರೆನ್ಸ್ ಮಾಡಿಸಲು ಬಂದವನ ಹಾಗೆ ಕೂತ. ಘಟ್ಟದ ಕೆಳಗಿನವನು. ಮೊದಲು ಬೀಗಿತ್ತಿಯ ಕಿವಿಯಿಂದ ಒಂದು ನಾಣ್ಯ ತೆಗೆದ. ಎಲ್ಲರೂ ನಕ್ಕರು. ಬೀಗಿತ್ತಿ ಮಾತ್ರ ಓಲೆ ಇದೆಯಾ ಎಂದು ಎರಡೂ ಕಿವಿ ಮುಟ್ಟಿ ನೋಡಿಕೊಂಡಳು.

ಆಮೇಲೆ ದೊಡ್ಡ ಆಟ ಯಾವುದೆಂದು ವಿವರಿಸಿದ. ಸ್ಟೇಜಿನ ಮೇಲೆ ಆಳೆತ್ತರದ ಪೆಟ್ಟಿಗೆ ಇಡುತ್ತಾನೆ. ಮದುವೆ ಹೆಣ್ಣು ಅದರೊಳಗೆ ಹೋಗುತ್ತಾಳೆ. ಬಾಗಿಲು ಹಾಕಿ ಗಿರ್ರೆಂದು ತಿರುಗಿಸುತ್ತಾನೆ. ತೆಗೆದರೆ ಅದೇ ಸೀರೆ, ಅದೇ ಹೂವು, ತಲೆ ಬಗ್ಗಿಸಿಕೊಂಡು ಹೆಣ್ಣು ಹೊರಗೆ ಬರುತ್ತದೆ. ಗಂಡು ಹೋಗಿ ಕೈ ಹಿಡಿಯುತ್ತಾನೆ. ತಲೆ ಎತ್ತಿದರೆ ಅದು ಹೆಣ್ಣಲ್ಲ, ಹೆಣ್ಣಿನ ತಂಗಿ. ಜನ ಬೆಚ್ಚಿಬೀಳುವಷ್ಟರಲ್ಲಿ ಛತ್ರದ ಹೆಬ್ಬಾಗಿಲಿನಿಂದ ಅಕ್ಕ ನಡೆದುಕೊಂಡು ಬರುತ್ತಾಳೆ. ಒಂದೇ ಥರದ ಎರಡು ಸೀರೆ ತಂದರಾಯಿತು ಎಂದ. ಚಿಕ್ಕವಳನ್ನು ಕಣ್ಣಲ್ಲೇ ಅಳೆದು, "ರವಿಕೆ ಎರಡನ್ನೂ ಅಕ್ಕನ ಅಳತೆಗೇ ಹೊಲಿಸಿ. ತಂಗಿಗೆ ಹಿಂದೆ ನಾಲ್ಕು ಪಿನ್ನು ಹಾಕಿದ್ರೆ ಆಯ್ತು" ಎಂದ.

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈಲಿದ್ದ ಕಾಫಿ ತೊಡೆಯ ಮೇಲೆ ಚೆಲ್ಲಿತು. ಸುಟ್ಟಿದ್ದು ಗೊತ್ತಾಗಲಿಲ್ಲ. ಈ ಮನುಷ್ಯನಿಗೆ ಯಾರು ಹೇಳಿದರು ಎಂದು ಅವನ ಮುಖವನ್ನೇ ನೋಡಿದೆ. ಅವನಿಗೆ ಯಾರು ಹೇಳುತ್ತಾರೆ, ಗೊತ್ತಿದ್ದವರೆಲ್ಲ ಮಣ್ಣಾಗಿದ್ದಾರೆ.

ಬೇಡ ಎಂದೆ. ಮಗಳು ಯಾಕೆ ಎಂದಳು. ತಾಳಿ ಕಟ್ಟುವ ಮೊದಲು ಹೆಣ್ಣು ಮಾಯ ಆಗಬಾರದು ಎಂದೆ. ಜಾದೂಗಾರ ನಕ್ಕ. "ಅದೆಂಥದು ಅಜ್ಜಿ, ರಿಸೆಪ್ಷನ್ ಅಂದ್ಮೇಲೆ ಮದುವೆ ಆಗಿರ್ತದಲ್ಲ? ತಾಳಿ ಕಟ್ಟಿಸಿಕೊಂಡವಳು ಎಲ್ಲಿಗೆ ಹೋಗ್ತಾಳೆ?"

ನಮ್ಮ ಕಡೆ ಹಾಗಲ್ಲ, ಸಂಜೆ ರಿಸೆಪ್ಷನ್, ಮುಹೂರ್ತ ಮಾರನೆಯ ಬೆಳಿಗ್ಗೆ ಎಂದು ಗಂಡು ತಿಳಿಸಿದ. ಜಾದೂಗಾರನ ನಗು ಅಲ್ಲೇ ನಿಂತಿತು. ಅವರ ಊರಲ್ಲಿ ಧಾರೆ ಮುಗಿದ ಮೇಲೆಯೇ ರಿಸೆಪ್ಷನ್ನಂತೆ. ಅವನು ಇಷ್ಟು ದಿನ ಮಾಯ ಮಾಡಿದ್ದೆಲ್ಲ ತಾಳಿ ಇದ್ದ ಹೆಣ್ಣುಗಳನ್ನು. ಬೀಗಿತ್ತಿಗೆ ಆಗ ತಲೆಗೆ ಹೋಯಿತು. ಶಿವ ಶಿವ, ತಾಳಿ ಇಲ್ಲದ ಹೆಣ್ಣು ಕಾಣೆಯಾದರೆ ಕುಣಿಗಲ್‌ನಿಂದ ಬಂದ ನಮ್ಮ ಜನ ಏನೆಂದುಕೊಂಡಾರು ಎಂದು ತಲೆ ಮೇಲೆ ಸೆರಗು ಹೊದ್ದು ಕೂತಳು. ದೊಡ್ಡವಳಿಗೆ ಅಳು ಬರುವ ಹಾಗಾಯಿತು. ಒಂದು ಗಳಿಗೆಯ ಆಟಕ್ಕೆ ಇಷ್ಟೆಲ್ಲ ಯಾಕೆ, ಬಾಗಿಲಿನಿಂದ ವಾಪಸ್ ಬರುತ್ತೇನಲ್ಲ ಎಂದಳು.

ಮಗಳು ನನ್ನ ಮೇಲೆ ತಿರುಗಿದಳು. "ನೀನು ಯಾವಾಗ್ಲೂ ಅಡ್ಡಗಾಲೇ. ಯಾವ ಹೆಣ್ಣಮ್ಮಾ ಹಂಗೆ ಮಾಯ ಆಗಿರೋದು? ಒಬ್ಳನ್ನ ತೋರ್ಸು."

"ನಿಮ್ಮ ದೊಡ್ಡಮ್ಮ" ಎಂದೆ.

ದೊಡ್ಡಮ್ಮ ಮದುವೆಗೆ ಮುಂಚೆ ಜ್ವರ ಬಂದು ಸತ್ತಳು ಎಂದೇ ಅವಳಿಗೆ ನಾವು ಹೇಳಿ ಬೆಳೆಸಿದ್ದು. ಜ್ವರವಿಲ್ಲ, ಏನಿಲ್ಲ. ಅಕ್ಕನ ಮದುವೆ. ಸಂಜೆ ವರಪೂಜೆ ಆಯಿತು. ಬೆಳಿಗ್ಗೆ ಎಣ್ಣೆನೀರಿಗೆ ಎಬ್ಬಿಸಲು ಹೋದರೆ ಅವಳಿಲ್ಲ, ಚಾಪೆ ಇದೆ. ಗಂಡಿನ ಕಡೆಯವರು ಆಗಲೇ ಎದ್ದು ಹಲ್ಲುಜ್ಜುತ್ತಿದ್ದರು. ಅಡುಗೆಗೆ ಒಲೆ ಹತ್ತಿಸಿಯಾಗಿತ್ತು. ಗಂಡಸರು ಕೊಟ್ಟಿಗೆಯಲ್ಲಿ ನಿಂತು ಏನೋ ಮಾತಾಡಿದರು. ಸ್ವಲ್ಪ ಹೊತ್ತಿಗೆ ಚಿಕ್ಕಮ್ಮ ಬಂದು ನನ್ನ ನೆತ್ತಿಗೆ ಎಣ್ಣೆ ಹಾಕಿದಳು. ಮದುವೆಮನೆ, ಎಲ್ಲರಿಗೂ ಹಾಕುತ್ತಾರೆ ಎಂದುಕೊಂಡೆ. ಅಕ್ಕನ ಸೀರೆ ಉಡಿಸಿದಾಗ ಗೊತ್ತಾಯಿತು. ಅಕ್ಕ ಮೈಕೈ ತುಂಬಿದವಳು, ನಾನು ಕಡ್ಡಿ. ರವಿಕೆ ದೊಗಳೆ. ಹಿಂದೆ ಮಡಿಸಿ ಪಿನ್ನು ಚುಚ್ಚಿದರು. ಧಾರೆಯ ಹೊತ್ತಿಗೆ ಒಂದು ಪಿನ್ನು ಬಿಟ್ಟುಕೊಂಡು ಬೆನ್ನಿಗೆ ಚುಚ್ಚಿತು. ಕೈ ಮೇಲೆ ತೆಂಗಿನಕಾಯಿ, ಅದರ ಮೇಲೆ ಹಾಲು ಬೀಳುತ್ತಿದೆ, ಅಲ್ಲಾಡುವ ಹಾಗಿಲ್ಲ. ನನ್ನ ಮದುವೆಯಲ್ಲಿ ನನಗೆ ನೆನಪಿರುವುದು ಆ ಪಿನ್ನು ಒಂದೇ.

ಇಷ್ಟನ್ನೂ ಹೇಳಿದೆ. ಜಾದೂಗಾರ ಕೈಲಿದ್ದ ನಾಣ್ಯ ಜೇಬಿಗೆ ಹಾಕಿಕೊಂಡ. ಮಗಳು ಬಾಯಿ ಮೇಲೆ ಕೈ ಇಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಳು.

"ಅಪ್ಪ ನೋಡಿ ಒಪ್ಪಿದ್ದು ದೊಡ್ಡಮ್ಮನ್ನಾ?"

"ಹೂಂ ಕಣೆ. ಅವರನ್ನ ಕೇಳಿದ್ರು, ಅವರಪ್ಪನ್ನ ಕೇಳಿದ್ರು, ಪುರೋಹಿತರನ್ನ ಕೇಳಿದ್ರು. ನನ್ನೊಬ್ಬಳನ್ನ ಕೇಳ್ಲಿಲ್ಲ."

ಅವರು ಕೆಟ್ಟ ಗಂಡಸಲ್ಲ. ಕುಡಿಯಲಿಲ್ಲ, ಹೊಡೆಯಲಿಲ್ಲ. ಒಂದೇ ಒಂದು ಸಲ ಅಕ್ಕನ ಹೆಸರು ಹಿಡಿದು ನನ್ನನ್ನು ಕೂಗಿದರು. ಊಟಕ್ಕೆ ಬನ್ನಿ ಎಂದೆ. ಬಂದರು. ಸಂಸಾರ ನಡೆಯಿತು.

ಬೀಗಿತ್ತಿ ಮೆಲ್ಲಗೆ ಅಕ್ಕ ಏನಾದಳು ಎಂದು ಕೇಳಿದಳು. ಎಷ್ಟೋ ವರ್ಷದ ಮೇಲೆ ನಿಮ್ಮ ಊರಲ್ಲೇ ಒಂದು ಸಲ ಸಿಕ್ಕಿದ್ದಳು ಎಂದೆ. ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ, ಎರಡು ಮಕ್ಕಳನ್ನು ಕಟ್ಟಿಕೊಂಡು. ನನ್ನ ಬಸ್ಸು ಬರುವವರೆಗೆ ನಿಂತಿದ್ದೆವು. ನಿನ್ನ ರವಿಕೆ ನನಗೆ ದೊಗಳೆಯಾಗಿತ್ತು ಎಂದೆ. ಅವಳು ನಕ್ಕಳು, ಆಮೇಲೆ ನಗಲಿಲ್ಲ. ಬಸ್ಸು ಬಂತು, ಹತ್ತಿದೆ.

ಅಡುಗೆಮನೆ ಬಾಗಿಲಲ್ಲಿ ಚಿಕ್ಕವಳು ಖಾಲಿ ಲೋಟದ ತಟ್ಟೆ ಹಿಡಿದು ನಿಂತಿದ್ದಳು. ಇಷ್ಟು ಹೊತ್ತು ಅವಳ ಸೀರೆ, ಅವಳ ರವಿಕೆ, ಅವಳು ತಲೆ ಬಗ್ಗಿಸುವ ರೀತಿ ಎಲ್ಲ ಮಾತಾಗಿತ್ತು.

"ನಿನ್ನನ್ನ ಪೆಟ್ಟಿಗೇಲಿ ಕೂರಿಸ್ತಾರಂತೆ. ನಿನ್ನ ಯಾರಾದ್ರೂ ಕೇಳಿದ್ರೇನೇ?" ಎಂದೆ.

ಇಲ್ಲ ಎಂದು ತಲೆಯಾಡಿಸಿದಳು. ದೊಡ್ಡವಳು ಅಮ್ಮನ ಕಡೆ ನೋಡಿದಳು, ಅಮ್ಮ ದೊಡ್ಡವಳ ಕಡೆ ನೋಡಿದಳು. ಇವಳು ಕೇಳಿರುತ್ತಾಳೆ ಎಂದು ಅವಳು, ಅವಳು ಕೇಳಿರುತ್ತಾಳೆ ಎಂದು ಇವಳು. ನಿನಗೆ ಬೇಡವಾದರೆ ಈ ಮನೆಯ ಮದುವೆಗೆ ಪೆಟ್ಟಿಗೆ ಬರುವುದಿಲ್ಲ, ಯಾರು ಮುನಿಸಿಕೊಂಡರೂ ಸರಿ ಎಂದೆ. ಬೇಡ ಎನ್ನುತ್ತಾಳೆ ಎಂದೇ ನನ್ನ ಧೈರ್ಯ.

ತಟ್ಟೆ ಕೆಳಗಿಟ್ಟಳು. "ನಂಗೆ ಇಷ್ಟ ಅಜ್ಜಿ. ಮಾಡ್ತೀನಿ. ಆದ್ರೆ ಅಕ್ಕನ ಸೀರೆ ಉಡಲ್ಲ, ತಲೆ ಬಗ್ಸಲ್ಲ. ನನ್ನ ಬಟ್ಟೇಲಿ ನಾನಾಗೇ ಬರ್ತೀನಿ. ಅಕ್ಕ ಎಲ್ಲೂ ಹೋಗೋದ್ ಬೇಡ, ಭಾವನ ಪಕ್ಕದಲ್ಲೇ ನಿಂತಿರ್ಲಿ."

ಆ ಹುಡುಗಿ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದೇ ಮೊದಲು. ಜಾದೂಗಾರ ಯೋಚನೆ ಮಾಡಿದ. ಖಾಲಿ ಪೆಟ್ಟಿಗೆ ತೋರಿಸಿ ಅದರೊಳಗಿಂದ ಇವಳನ್ನು ಬರಿಸಲಿಕ್ಕೆ ಆಗ್ತದೆ, ಚಪ್ಪಾಳೆ ಸ್ವಲ್ಪ ಕಡಿಮೆ ಬೀಳಬಹುದು ಎಂದ. ಬೀಗಿತ್ತಿ ತಲೆ ಮೇಲಿನ ಸೆರಗು ಇಳಿಸಿದಳು. ಹೋಗೋದು ಬೇಡ, ಬರೋದಾದರೆ ಬರಲಿ, ಬರೋದು ಒಳ್ಳೆಯದೇ ಎಂದಳು. ಹಾಗೆ ತೀರ್ಮಾನವಾಯಿತು.

ರಿಸೆಪ್ಷನ್ ದಿನ ಮುಂದಿನ ಸಾಲಿನಲ್ಲಿ ಕೂತಿದ್ದೆ. ಪೆಟ್ಟಿಗೆಯ ನಾಲ್ಕೂ ಕಡೆ ಬಡಿದು ಖಾಲಿ ಎಂದು ತೋರಿಸಿದ. ನನಗೆ ಎಲ್ಲ ಗೊತ್ತು. ಆದರೂ ಅದು ತಿರುಗಲು ಶುರುವಾದಾಗ ಕುರ್ಚಿಯಿಂದ ಅರ್ಧ ಎದ್ದೆ. ಬಾಗಿಲು ತೆಗೆದರೆ ಚಿಕ್ಕವಳು, ಹಳದಿ ಚೂಡಿದಾರ ಹಾಕಿಕೊಂಡು, ತಲೆ ಎತ್ತಿ ಇಡೀ ಛತ್ರವನ್ನೇ ನೋಡುತ್ತ ನಿಂತಿದ್ದಾಳೆ. ನಾನು ಅವಳನ್ನು ಬಿಟ್ಟು ಗಂಡಿನ ಪಕ್ಕಕ್ಕೆ ನೋಡಿದೆ. ದೊಡ್ಡವಳು ಅಲ್ಲೇ ಇದ್ದಳು. ಇನ್ನೊಂದು ಸಲ ನೋಡಿದೆ. ಇದ್ದಳು. ಚಪ್ಪಾಳೆ ಕಡಿಮೆಯೇನೂ ಬೀಳಲಿಲ್ಲ, ಕಾರ್ಖಾನೆಯ ಹುಡುಗರು ಸಿಳ್ಳೆ ಹಾಕಿದರು. ಚಿಕ್ಕವಳು ಬೆವರಿಕೊಂಡು ಬಂದು ನನ್ನ ಪಕ್ಕ ಕೂತಾಗ ಅವಳ ಬೆನ್ನು ಸವರಿ ನೋಡಿದೆ. ಪಿನ್ನು ಇರಲಿಲ್ಲ.

ಬೆಳಿಗ್ಗೆ ಎಣ್ಣೆನೀರಿಗೆ ಎಬ್ಬಿಸಲು ನಾನೇ ಹೋಗುತ್ತೇನೆ ಎಂದೆ. ಛತ್ರದ ಹೆಣ್ಣಿನ ಕೋಣೆಯ ಬಾಗಿಲ ಮುಂದೆ ಎಣ್ಣೆ ಬಟ್ಟಲು ಹಿಡಿದು ನಿಂತರೆ ತಳ್ಳಲು ಕೈ ಬಾರದು. ಕೊನೆಗೆ ಮೊಣಕೈಯಿಂದ ತಳ್ಳಿದೆ. ದೊಡ್ಡವಳು ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದಳು. ಪಕ್ಕದಲ್ಲಿ ಚಿಕ್ಕವಳು ಆಗಲೇ ಎದ್ದು ಕೂತು ಬಾಗಿಲನ್ನೇ ನೋಡುತ್ತಿದ್ದಳು.

"ಇಬ್ರೂ ಇದೀವಿ ಅಜ್ಜಿ" ಎಂದಳು. "ಎಣಿಸ್ಕೊ."