ದೊಡ್ಡಜ್ಜನ ಪಂಚೆ, ಒಂದು ಹನಿ ರಕ್ತ

ಮಗು ಅಳು ನಿಲ್ಲಿಸಿದಾಗ ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. ನನಗೆ ಮಾತ್ರ ಆಗಲಿಲ್ಲ. ನಲವತ್ತು ವರ್ಷದ ಹಿಂದೆ ಇನ್ನೊಂದು ಮಗು ಹೀಗೇ ಅಳು ನಿಲ್ಲಿಸಿದ್ದನ್ನು ನಾನು ನೋಡಿದ್ದೆ.

ಮಾರೇನಹಳ್ಳಿ ಅಮ್ಮನವರ ಗುಡಿಯ ಶುಕ್ರವಾರದ ಬಳಗಕ್ಕೆ ನನ್ನ ಪರಿಚಯ ಬೇಕಾಗಿಲ್ಲ. ಸಹಸ್ರನಾಮ ಮುಗಿದ ಮೇಲೆ ನೀವೆಲ್ಲ ಅಡ್ಡಬಿದ್ದರೆ, ಹಿಂದಿನ ಸಾಲಿನಲ್ಲಿ ಮೊಣಕಾಲೂರಿ ಕೈಮುಗಿಯುವವಳು ನಾನು. "ಮೇಡಂ ಇನ್ನೂ ಕಾನ್ವೆಂಟ್ ಬಿಟ್ಟಿಲ್ಲ ಕಣೇ" ಅಂತ ನೀವು ನಗೋದು ನನಗೆ ಕೇಳಿಸುತ್ತೆ. ಏನು ಮಾಡಲಿ, ಏಳು ವರ್ಷದ ಹುಡುಗಿಗೆ ಮದರ್ ಕಲಿಸಿದ ಪೋಸ್ಚರ್ ಎಪ್ಪತ್ತು ದಾಟಿದರೂ ಹೋಗಲಿಲ್ಲ. ಅಮ್ಮ ಅದನ್ನೂ ಒಪ್ಪಿಕೊಂಡಿದ್ದಾಳೆ ಅನ್ನೋದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಳೆದ ಕಾರ್ತಿಕದಲ್ಲಿ ನನ್ನ ಮಗಳು ಸುಧಾಗೆ ಗಂಡುಮಗುವಾಯಿತು. ಮದುವೆಯಾಗಿ ಬಹಳ ವರ್ಷದ ಮೇಲೆ ಆದ ಕೂಸು. ವಿಜಯನಗರದ ನರ್ಸಿಂಗ್ ಹೋಮಿನಲ್ಲಿ ನಾರ್ಮಲ್ ಡೆಲಿವರಿ. ತಾಯಿ, ಮಗು ಇಬ್ಬರನ್ನೂ ಬಸವೇಶ್ವರನಗರದ ನಮ್ಮ ಮನೆಗೆ ಬಾಣಂತನಕ್ಕೆ ಕರೆತಂದೆ. ಆರತಿ ಎತ್ತಿ ಒಳಗೆ ಕರೆದುಕೊಂಡಾಗ ಸುಧಾ ಕೇಳಿದ ಮೊದಲ ಮಾತು, "ಅಮ್ಮಾ, ದೊಡ್ಡಜ್ಜನ ಪಂಚೆ ತೆಗ್ದಿಟ್ಟಿದ್ಯಾ?"

ನನ್ನ ಗಂಡನ ಮನೆಯ ಪದ್ಧತಿ ಅದು. ನಾಮಕರಣದವರೆಗೆ ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕುವುದಿಲ್ಲ. ತೊಂಬತ್ತು ದಾಟಿ, ಹಲ್ಲು ಗಟ್ಟಿಯಿರುವಾಗಲೇ ಹೋದ ನಮ್ಮನೆಯವರ ತಾತನ ಹಳೇ ಪಂಚೆಯಲ್ಲಿ ಸುತ್ತಿ ಮಲಗಿಸಬೇಕು. ಅವರ ಆಯಸ್ಸು ಮಗುವಿಗೆ ಬರಲಿ ಅಂತ. ಒಗೆಯುವ ಹಾಗಿಲ್ಲ, ಒಗೆದರೆ ಆಯಸ್ಸೂ ತೊಳೆದುಹೋಗುತ್ತೆ ಅನ್ನುತ್ತಿದ್ದರು ನಮ್ಮತ್ತೆ. ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟಿರುತ್ತೇವೆ. ಭಾವಂದಿರ ಮಕ್ಕಳು, ಮೊಮ್ಮಕ್ಕಳು, ಸುಧಾ ಎಲ್ಲರೂ ಅದರಲ್ಲೇ ಮಲಗಿ ಬೆಳೆದವರು. ಸವೆದು ಸವೆದು ಬೆಣ್ಣೆಯ ಹಾಗಾಗಿದ್ದ ಬಟ್ಟೆ.

ನನ್ನ ಚೊಚ್ಚಲ ಮಗನನ್ನೂ ಅದರಲ್ಲೇ ಸುತ್ತಿದ್ದೆವು. ಅವನು ನಾಮಕರಣದವರೆಗೆ ಉಳಿಯಲಿಲ್ಲ.

ಆಗ ನಾವು ರಾಜಾಜಿನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಮಗುವಿನ ಮೈ ಅರಿಶಿನದ ಹಾಗಾಯಿತು. ಎಳೆಬಿಸಿಲಿಗೆ ಹಿಡಿ, ಹೋಗುತ್ತೆ ಅಂದರು. ಹಿಡಿದೆ. ಹಾಲು ಬಿಟ್ಟ, ಅಳು ಬಿಟ್ಟ. ನಮ್ಮನೆಯವರು ಟ್ಯಾಕ್ಸಿ ತರಲು ಮೇನ್ ರೋಡಿಗೆ ಓಡಿದರು. ಅವತ್ತು ಏನೋ ಬಂದ್. ಟ್ಯಾಕ್ಸಿ ಇಲ್ಲ, ಆಟೋನೂ ಇಲ್ಲ. ಅವರು ಬೆವರಿಳಿಸುತ್ತಾ ಬರಿಗೈಲಿ ವಾಪಸ್ಸು ಬಂದಾಗ ಮಗು ನನ್ನ ಮಡಿಲಲ್ಲಿ ತಣ್ಣಗಾಗಿತ್ತು. ಆಮೇಲೆ ಅವರು ಬದುಕಿದ್ದಷ್ಟು ಕಾಲವೂ ಅದೊಂದೇ ಮಾತು. "ಅವತ್ತು ಒಂದು ಟ್ಯಾಕ್ಸಿ ಸಿಕ್ಕಿದ್ರೆ..." ಊಟದ ಮಧ್ಯೆ, ಟಿವಿ ನೋಡುವಾಗ, ಎಲ್ಲೋ ಮದುವೆಮನೆಯಲ್ಲಿ. ವಾಕ್ಯವನ್ನು ಒಂದು ದಿನವೂ ಪೂರ್ತಿ ಮಾಡಲಿಲ್ಲ. ಮೂರು ವರ್ಷದ ಹಿಂದೆ ಅವರೂ ಹೋದರು.

ಈಗ ಮೊಮ್ಮಗನೂ ಅದೇ ಅರಿಶಿನ ಬಣ್ಣ. ಪಕ್ಕದ ಮನೆಯಾಕೆ ಅದೇ ಎಳೆಬಿಸಿಲಿನ ಮಾತು ಹೇಳಿದರು. ಅಷ್ಟರಲ್ಲಿ ಅವನ ಅಳುವೂ ನಿಂತಿತು. "ಸುಧಾ, ಏಳು, ಹೊರಡೋಣ" ಅಂದೆ. ಕೆಂಗೇರಿ ಕಡೆಯ ದೊಡ್ಡ ಪ್ರೈವೇಟ್ ಆಸ್ಪತ್ರೆಯಲ್ಲಿ ಬೆಡ್ ವಿಚಾರಿಸಲು ಅಳಿಯಂದಿರು ಸ್ಕೂಟರಿನಲ್ಲಿ ಮುಂದೆ ಹೋದರು. ನಾವು ಆಟೋದಲ್ಲಿ ಹಿಂದೆ. ಹೊರಡುವ ಮುಂಚೆ ದೇವರ ಮನೆಯಲ್ಲಿ ಮೊಣಕಾಲೂರಿದೆ. ಏನು ಕೇಳಬೇಕೋ ತೋಚಲಿಲ್ಲ. "ಪ್ಲೀಸ್ ಅಮ್ಮಾ, ನಾಟ್ ಅಗೇನ್" ಅಂದೆ, ಅಷ್ಟೇ. ಮೊದಲ ಸಲ ಎಷ್ಟು ಬೇಡಿಕೊಂಡಿದ್ದೆ, ಆಗ ಕೇಳಿಸದವಳಿಗೆ ಈಗ ಕೇಳಿಸುತ್ತಾ ಅಂತ ಒಳಗೊಳಗೆ ಸಿಟ್ಟೂ ಇತ್ತು. ಸುಳ್ಳು ಯಾಕೆ ಬರೆಯಲಿ.

ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಆಟೋ ನಿಂತೇ ಹೋಯಿತು. ಎಡಕ್ಕೆ ಲಾರಿ, ಬಲಕ್ಕೆ ಬಸ್ಸು. ಅಷ್ಟರಲ್ಲಿ ಅಳಿಯಂದಿರ ಫೋನು. "ಅತ್ತೆ, ಇಲ್ಲಿ ಬೇಬಿ ಐಸಿಯು ಫುಲ್ ಅಂತೆ. ಬೇರೆ ಕಡೆ ನೋಡಿ ಅಂತಿದಾರೆ." ಸುಧಾ ಮಗುವಿನ ಅಂಗಾಲು ತಟ್ಟುತ್ತಿದ್ದಳು. "ಏಳೋ ಕಂದ, ಅಳೋ, ಒಂದ್ಸಲ ಅಳೋ." ಅದು ಬಟ್ಟೆಯ ಬೊಂಬೆ ಥರ ಜೋತುಬಿದ್ದಿತ್ತು. ಕನ್ನಡಿಯಲ್ಲಿ ನೋಡುತ್ತಿದ್ದ ಆಟೋದವರು ತಿರುಗಿ, "ಅಜ್ಜೀ, ಇಲ್ಲೇ ಹಿಂದ್ಗಡೆ ಗೌರ್ಮೆಂಟ್ ಹೆರಿಗೆ ಆಸ್ಪತ್ರೆ ಇದೆ. ಚಿಕ್ಕದು. ಡಾಕ್ಟ್ರಂತೂ ಇರ್ತಾರೆ, ಹಾಕ್ಲಾ?" ಅಂದರು. "ಹಾಕಪ್ಪಾ" ಅಂದೆ. ಗ್ಯಾರೇಜು, ಗೋಡೌನುಗಳ ಸಂದಿಯಲ್ಲಿ ಆಟೋ ನುಗ್ಗಿತು.

ಆಸ್ಪತ್ರೆ ಅಂದರೆ ಒಂದೇ ವಾರ್ಡು, ಒಂದೇ ನೀಲಿ ಲೈಟಿನ ತೊಟ್ಟಿಲು, ಅದರಲ್ಲಿ ಆಗಲೇ ಒಂದು ಕೂಸು. ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಗುವನ್ನು ಎತ್ತಿಕೊಂಡವಳೇ ಮೂಗು ಅರಳಿಸಿದಳು.

"ಅಮ್ಮಾ, ಇದೇನು ವಾಸನೆ? ಬಟ್ಟೆಗೆ ನ್ಯಾಫ್ತಲೀನ್ ಹಾಕಿದ್ರಾ?"

"ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟಿದ್ದೆ. ನಮ್ಮ ತಾತನವರ ಪಂಚೆ. ಹಳೇದು, ತುಂಬಾ ಸಾಫ್ಟ್..."

"ಮೊದ್ಲು ಅದನ್ನ ತೆಗೀರಿ. ಹೊರಗಿಡಿ, ಈ ರೂಮಲ್ಲೇ ಬೇಡ."

ಆಸ್ಪತ್ರೆಯ ಒರಟು ಟವೆಲಿನಲ್ಲಿ ಮಗುವನ್ನು ಸುತ್ತಿ, ನೀಲಿ ಲೈಟಿನ ಕೆಳಗೆ ಆ ಇನ್ನೊಂದು ಕೂಸಿನ ಪಕ್ಕ ಮಲಗಿಸಿದಳು. ಬೀರುವಿನಿಂದ ಪುಟ್ಟ ಮೆಷೀನ್ ತಂದಳು, ಟಿವಿ ರಿಮೋಟ್‌ಗಿಂತ ಒಂಚೂರು ದಪ್ಪ. ಹಿಮ್ಮಡಿಗೆ ಚುಚ್ಚಿದಳು. ಮಗು ಅಳಲಿಲ್ಲ. ಒಂದು ಹನಿ ರಕ್ತ ಟೆಸ್ಟ್ ಪಟ್ಟಿಗೆ ತಾಗಿಸಿ, ಅದನ್ನು ಮೆಷೀನಿನೊಳಗೆ ತೂರಿಸಿ ನಿಂತಳು.

"ರಿಪೋರ್ಟಿಗೆ ಲ್ಯಾಬಿಗೆ ಹೋಗ್ಬೇಕೇನಮ್ಮಾ?" ಅಂದೆ.

"ಬೇಡ ಅಜ್ಜಿ. ಇದು ಈಚೆಗೆ ಬಂದಿರೋದು. ಮೊದ್ಲಾಗಿದ್ರೆ ದೊಡ್ಡ ಲ್ಯಾಬಿಗೆ ಕಳಿಸಿ ಕಾಯ್ತಾ ಕೂರ್ಬೇಕಿತ್ತು. ಕಾಯೋ ಟೈಮ್ ಈ ಮಗೂಗೆ ಇಲ್ಲ."

ಮೆಷೀನ್ ಕೀ ಅನ್ನುವವರೆಗೆ ನಾನು ತೊಟ್ಟಿಲ ಪಕ್ಕ ಮೊಣಕಾಲೂರಿದ್ದೆ. ಯಾರೋ ಆಯಾ, "ಅಜ್ಜಿ ಬಿದ್ಬಿಟ್ರು, ಹಿಡ್ಕೊಳ್ರೇ" ಅಂತ ಓಡಿಬಂದಳು. "ಬಿದ್ದಿಲ್ಲಮ್ಮಾ, ಪ್ರೇ ಮಾಡ್ತಿದೀನಿ" ಅಂದೆ. ಅಂಥ ಹೊತ್ತಿನಲ್ಲೂ ಸುಧಾ ಮುಖದಲ್ಲಿ ಒಂದು ಎಳೆ ನಗು ಬಂದು ಹೋಯಿತು.

ಡಾಕ್ಟರ್ ನಂಬರ್ ನೋಡಿದಳು. ನಮ್ಮ ಕಡೆ ತಿರುಗದೆ ಮೊದಲು ಮಕ್ಕಳ ದೊಡ್ಡಾಸ್ಪತ್ರೆಗೆ ಫೋನ್ ಹಚ್ಚಿದಳು. "ಸಾರ್, ಜಿ-ಸಿಕ್ಸ್-ಪಿಡಿ ತುಂಬಾ ಲೋ. ನ್ಯಾಫ್ತಲೀನ್ ಎಕ್ಸ್‌ಪೋಷರ್ ಇದೆ. ರಕ್ತ ರೆಡಿ ಇಡಿ, ಬಂದ ತಕ್ಷಣ ಬದಲಾಯಿಸ್ಬೇಕಾಗುತ್ತೆ." ಆಂಬುಲೆನ್ಸ್ ಬರುವಷ್ಟರಲ್ಲಿ ನಮಗೆ ವಿವರಿಸಿದಳು. ರಕ್ತದ ಕೆಂಪು ಕಣಗಳನ್ನು ಕಾಯುವ ಈ ಜಿ-ಸಿಕ್ಸ್-ಪಿಡಿ ಅನ್ನೋ ಎನ್‌ಜೈಮ್ ಕೆಲವರಿಗೆ ಹುಟ್ಟಿನಿಂದಲೇ ಕಡಿಮೆ. ಸುಮ್ಮನಿದ್ದರೆ ಏನೂ ತೊಂದರೆಯಿಲ್ಲ. ನುಸಿಗುಳಿಗೆಯ ಆವಿ ತಗುಲಿದರೆ, ಕೆಲವು ಮಾತ್ರೆ ಕೊಟ್ಟರೆ, ರಕ್ತ ಒಡೆಯುತ್ತೆ, ಕಾಮಾಲೆ ತಲೆಗೇರುತ್ತೆ.

"ತಾಯಿ ಕಡೆಯಿಂದ ಬರೋದು ಅಜ್ಜಿ. ತಾಯಂದಿರಿಗೆ ಸಾಮಾನ್ಯವಾಗಿ ಗೊತ್ತೇ ಆಗಲ್ಲ, ಗಂಡುಮಕ್ಕಳಲ್ಲಿ ಕಾಣಿಸ್ಕೊಳ್ಳುತ್ತೆ. ನಿಮ್ಮ ಮನೇಲಿ ಹಿಂದೆ ಯಾವ್ದಾದ್ರೂ ಗಂಡುಮಗು ಹೀಗೆ...?"

ಸುಧಾ ಹೇಳಿದಳು. "ನನ್ನ ಅಣ್ಣ. ನಾನು ಹುಟ್ಟೋಕೆ ಮುಂಚೆ."

ಡಾಕ್ಟರ್ ನನ್ನ ಕೈ ಹಿಡಿದುಕೊಂಡಳು.

ಮಕ್ಕಳ ಆಸ್ಪತ್ರೆಯ ಬಾಗಿಲಲ್ಲೇ ಅಲ್ಲಿನ ಡಾಕ್ಟರುಗಳು ಕಾಯುತ್ತಿದ್ದರು. ಕೂಸಿನ ರಕ್ತ ತೆಗೆದು ಹೊಸ ರಕ್ತ ಕೊಟ್ಟರು, ಸಂಜೆಯವರೆಗೂ, ಚೂರು ಚೂರೇ. ನಾನು ಕಾರಿಡಾರಿನ ಬೆಂಚಿನ ಮೇಲೆ ಸಹಸ್ರನಾಮ ಶುರುಮಾಡಿದೆ, ಅರ್ಧಕ್ಕೆ ಮರೆಯಿತು, ಮತ್ತೆ ಮೊದಲಿಂದ. ಎಷ್ಟು ಸಲವೋ. ದೀಪ ಹಚ್ಚುವ ಹೊತ್ತಿಗೆ ಒಳಗಿಂದ ಅಳು ಕೇಳಿಸಿತು. ಬೆಕ್ಕಿನ ಮರಿಯಷ್ಟು ದನಿ. ಸುಧಾ ನನ್ನ ಭುಜ ಕಚ್ಚಿಕೊಂಡು ಅತ್ತಳು.

ನಾಮಕರಣ ತಡವಾಗಿ ಆಯಿತು. ಕಾಮಾಲೆ ಕಿವಿಗೆ ತೊಂದರೆ ಮಾಡಿರಬಹುದು ಅಂತ ಡಾಕ್ಟರುಗಳು ಹೆದರಿಸಿದ್ದರು. ಕಿವಿಯಲ್ಲಿ "ಸುಹಾಸ" ಅಂದಾಗ ಅವನು ಬೆಚ್ಚಿ ಕೈ ಎತ್ತಿದ. ಟೆಸ್ಟ್ ರಿಪೋರ್ಟು ಆಮೇಲೆ ಬಂತು, ನಮಗೆ ಆಗಲೇ ಗೊತ್ತಾಗಿತ್ತು.

ಅಕ್ಕತಂಗಿಯರೇ, ಅಮ್ಮ ಮಗುವನ್ನು ಉಳಿಸಿದಳು. ಆ ಟ್ರಾಫಿಕ್ ಜಾಮಿನಲ್ಲಿ ಆಟೋ ನಿಲ್ಲಿಸಿದವಳು, ಆ ಬೀರುವಿನಲ್ಲಿ ಮೆಷೀನ್ ಇಟ್ಟವಳು ಅವಳೇ ಅಂತ ನಾನು ನಂಬಿದ್ದೇನೆ. ಮೊದಲ ಸಲ ಯಾಕೆ ಹೀಗೆ ಮಾಡಲಿಲ್ಲ ಅನ್ನೋದು ನನಗೆ ಗೊತ್ತಿಲ್ಲ. ಗೊತ್ತಿಲ್ಲದೆಯೇ ಮೊಣಕಾಲೂರುತ್ತೇನೆ. ನಿಮ್ಮಲ್ಲಿ ಒಂದೇ ಬೇಡಿಕೆ. ಟ್ರಂಕಿನ ಬಟ್ಟೆ ಎಷ್ಟೇ ಶುಭದ್ದಾಗಿರಲಿ, ನುಸಿಗುಳಿಗೆ ಇಟ್ಟಿದ್ದರೆ ಎಳೆಮಗುವಿನ ಹತ್ತಿರ ತರಬೇಡಿ.

ಹೋದ ಶುಕ್ರವಾರ ನೀವೆಲ್ಲ ಹೊರಟ ಮೇಲೆ ಅರ್ಚನೆಗೆ ನಿಂತೆ. "ಸುಹಾಸ, ಸ್ವಾತಿ ನಕ್ಷತ್ರ" ಅಂದೆ. ಆಮೇಲೆ ಇನ್ನೊಂದು ಹೆಸರು. ನಾನೂ ನಮ್ಮನೆಯವರೂ ಆರಿಸಿಟ್ಟು, ಯಾರಿಗೂ ಹೇಳದೆ ಉಳಿದಿದ್ದ ಹೆಸರು. "ಶ್ರೀಧರ, ರೋಹಿಣಿ." ಅರ್ಚನೆ ಬದುಕಿರುವವರಿಗೆ ಮಾತ್ರ ಅಂತ ನನಗೂ ಗೊತ್ತು.

"ಅಣ್ಣತಮ್ಮಂದಿರಾಮ್ಮಾ?" ಅಂದರು ಅರ್ಚಕರು.

"ಅಲ್ಲ ಸ್ವಾಮಿ. ಶ್ರೀಧರ ಸುಹಾಸನಿಗೆ ಸೋದರಮಾವ."

"ಮಾವ ಬರ್ಲಿಲ್ವಾ? ಊರಲ್ಲಿಲ್ವೇನೋ."

"ಇಲ್ಲ."

"ಬಂದಾಗ ಕರ್ಕೊಂಡು ಬನ್ನಿ."

"ಆಗ್ಲಿ ಸ್ವಾಮಿ" ಅಂದೆ.

ಎರಡು ಹೂವು ಕೊಟ್ಟರು. ಒಂದನ್ನು ಸುಹಾಸನ ತೊಟ್ಟಿಲಿಗೆ ಕಟ್ಟಿದೆ. ಇನ್ನೊಂದನ್ನು ನಮ್ಮನೆಯವರ ಫೋಟೋಗೆ ಇಟ್ಟು, ಅಷ್ಟು ವರ್ಷ ಅವರು ಅರ್ಧಕ್ಕೆ ಬಿಟ್ಟ ವಾಕ್ಯಕ್ಕೆ ಉತ್ತರ ಹೇಳಿದೆ.

"ಅವನು ಹೋಗಿದ್ದು ಟ್ಯಾಕ್ಸಿ ಸಿಗದೆ ಅಲ್ಲ ರೀ."