ಇಪ್ಪತ್ತೈದು ಗಜ ದೂರದ ನಂಬರು

ಕಳೆದ ತಿಂಗಳು ಮಲಾಡಿನಲ್ಲಿ ಕಣ್ಣು ತೋರಿಸಲು ಹೋಗಿದ್ದೆ. ಅಲ್ಲಿನ ಹುಡುಗಿ ಚಮಚದ ಆಕಾರದ ಕರಿಯ ಪ್ಲಾಸ್ಟಿಕ್ ತುಂಡೊಂದನ್ನು ನನ್ನ ಕೈಗೆ ಕೊಟ್ಟು, "ಅಂಕಲ್, ರೈಟ್ ಆಂಖ್ ಬಂದ್ ಕರೋ, ಸಾಮ್ನೇ ಪಢೋ" ಎಂದಳು. ಮುಚ್ಚಿಕೊಂಡೆ. ಎದುರು ಗೋಡೆಯ ಅಕ್ಷರಗಳು ನೀರಿಗೆ ಬಿದ್ದ ಶಾಯಿಯಂತೆ ಹರಡಿಕೊಂಡವು. ಯಾರಾದರೂ ಹಿಂದೆ ನಿಂತು ಮೆಲ್ಲಗೆ ಹೇಳಿಕೊಡಬಾರದೇ ಎಂದು ಒಂದು ಕ್ಷಣ ಅನ್ನಿಸಿತು... ಅಷ್ಟೇ ಸಾಕಾಯಿತು. ಚಮಚ ಕೈಜಾರಿ ನೆಲಕ್ಕೆ ಬಿತ್ತು. ಬಿ.ಪಿ. ಇದೆಯಾ ಎಂದು ಹುಡುಗಿ ಕೇಳಿದಳು. ಇದೆ ಎಂದೆ.

ಆಗ ನೆನಪಾದವರನ್ನು ನಾವೆಲ್ಲ ಭಟ್ಟರು ಎನ್ನುತ್ತಿದ್ದೆವು. ಐವತ್ತರ ದಶಕದ ನಡುವಿನ ವರ್ಷಗಳು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಮುಂಬಯಿಗೆ ಬಂದು, ಫೋರ್ಟ್ ಕಡೆ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕುರ್ಲಾದ ಚಾಳಿನಲ್ಲಿ ನನ್ನ ಕೋಣೆ, ಪಕ್ಕದ್ದು ಭಟ್ಟರದು. ಉಡುಪಿ ಕಡೆಯವರು, ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅಡುಗೆಯವರು. ಹೆಂಡತಿ ಊರಿನಲ್ಲಿದ್ದರು.

ಆ ಹೋಟೆಲಿನಲ್ಲಿ ಚೀಟಿಯ ಪದ್ಧತಿ ಇರಲಿಲ್ಲ. ಬಡಿಸುವವರು ಹೊರಗಿನಿಂದಲೇ ಕೂಗುತ್ತಿದ್ದರು: "ಎರಡು ಇಡ್ಲಿ, ಒಂದು ಮಸಾಲೆ, ಮೂರು ವಡೆ!" ಒಳಗೆ ಹೊಗೆಯಲ್ಲಿ ನಿಂತ ಭಟ್ಟರು ತಲೆ ಎತ್ತುತ್ತಿರಲಿಲ್ಲ, ಹೂಂ ಎನ್ನುತ್ತಲೂ ಇರಲಿಲ್ಲ. ಹದಿನೈದು ಇಪ್ಪತ್ತು ಕೂಗು ಒಟ್ಟಿಗೆ ಬಂದರೂ ತಟ್ಟೆಗಳು ಬಂದ ಕ್ರಮದಲ್ಲೇ ಹೊರಗೆ ಬರುತ್ತಿದ್ದವು. ಒಮ್ಮೆ ಕೇಳಿದ್ದು ಅವರ ಕಿವಿಯಿಂದ ಹೋಗುತ್ತಿರಲಿಲ್ಲ.

ಒಂದು ದಿನ ವಡೆಯ ಬಾಣಲೆಗೆ ನೀರು ಬಿದ್ದು ಎಣ್ಣೆ ಸಿಡಿಯಿತು. ಎಡಗಣ್ಣು ಹೋಯಿತು. ಹತ್ತಿರದಿಂದ ನೋಡಿದರೆ ಮಾತ್ರ ಹಾಲಿನ ಹನಿಯಂಥ ಒಂದು ಬಿಳಿ ಚುಕ್ಕೆ ಕಾಣುತ್ತಿತ್ತು. ಇನ್ನು ಬೆಂಕಿ ಹೊಗೆಯ ಮುಂದೆ ನಿಂತರೆ ಉಳಿದ ಕಣ್ಣೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಊರಿಗೆ ಬರೆಯಬೇಡಿ ಎಂದು ಭಟ್ಟರು ನನ್ನಿಂದ ಮಾತು ತೆಗೆದುಕೊಂಡರು. ಅವರ ಕಾಗದಗಳನ್ನು ಬರೆಯುತ್ತಿದ್ದವನು ನಾನೇ.

"ಸೌಟು ಬಿಟ್ರೆ ನನಗೆ ಎಂತ ಗೊತ್ತುಂಟು ರಾಯ್ರೇ?" ಎಂದು ಹದಿನೈದು ದಿನ ಕೋಣೆಯಲ್ಲೇ ಕೂತರು. ಆಮೇಲೆ ಅವರಾಗಿಯೇ ಟ್ಯಾಕ್ಸಿಯ ಮಾತು ಎತ್ತಿದರು. ಚಾಳಿನಲ್ಲೇ ಇದ್ದ ಟ್ಯಾಕ್ಸಿಯವನೊಬ್ಬ ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಅವರಿಗೆ ಗಾಡಿ ಕಲಿಸಿದ. ಅವರ ಕೈ ಬಹಳ ಬೇಗ ಕೂತಿತು. ದೋಸೆ ಮಗುಚುವವನಿಗೆ ಗೇರು ಯಾವ ದೊಡ್ಡ ವಿದ್ಯೆ ಎಂದು ನಗುತ್ತಿದ್ದರು. ಅಪಘಾತವಾದ ಮೇಲೆ ಅವರು ನಕ್ಕದ್ದನ್ನು ನಾನು ಆಗಲೇ ಮೊದಲು ನೋಡಿದ್ದು.

ಮೋಟಾರು ಕಚೇರಿಯ ಫಾರಮ್ಮನ್ನು ನಾನು ತುಂಬಿದೆ. ಅದರಲ್ಲಿ ಒಂದು ಪ್ರಶ್ನೆಯಿತ್ತು: ಇಪ್ಪತ್ತೈದು ಗಜ ದೂರದ ಮೋಟಾರಿನ ನಂಬರನ್ನು ಒಂದೊಂದು ಕಣ್ಣಿನಿಂದಲೂ ಓದಬಲ್ಲಿರಾ? ಲೇಖನಿ ಅಲ್ಲಿ ನಿಂತಿತು. ಭಟ್ಟರು ಎದುರಿಗೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು.

"ಅದು ಎಂತ ಕೇಳ್ತದೆ?"

"ಕಣ್ಣು ಸರಿ ಇದೆಯಾ ಅಂತ."

"ಒಂದು ಸರಿ ಉಂಟು. ಅಷ್ಟು ಬರೀರಿ."

ನಾನು 'ಹೌದು' ಎಂದು ಬರೆದೆ. ಡಾಕ್ಟರರ ಸರ್ಟಿಫಿಕೇಟು ಹೇಗೋ ಸಿಕ್ಕಿತು; ಆತ ತಲೆ ಎತ್ತದೆ ಸಹಿ ಹಾಕಿದ. ಉಳಿದದ್ದು ಕಚೇರಿಯ ಅಂಗಳದ ಪರೀಕ್ಷೆ. ಅದಕ್ಕೆ ಉಪಾಯ ಹೂಡಿದವನೂ ನಾನೇ. ಈ ವಿಷಯದಲ್ಲಿ ನನ್ನನ್ನು ನಾನು ಕ್ಷಮಿಸಿಕೊಳ್ಳಲಾರೆ. ಭಟ್ಟರು ಬೇಡ ಎಂದಿದ್ದರು. ಕಾಲೇಜು ಓದಿದವನ ಬುದ್ಧಿ ಅದು, ಅವರದಲ್ಲ.

ಆ ಬೆಳಿಗ್ಗೆ ಅಂಗಳದಲ್ಲಿ ಉದ್ದ ಸಾಲು. ಇನ್‌ಸ್ಪೆಕ್ಟರು ಸುಣ್ಣದಲ್ಲಿ ಎಳೆದ ಗೆರೆಯ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿ, ಆಚೆ ಕಾಂಪೌಂಡಿನ ಬಳಿ ನಿಂತ ಗಾಡಿಗಳನ್ನು ತೋರಿಸುತ್ತಿದ್ದರು. ಭಟ್ಟರು ಎಡಗಣ್ಣು ಮುಚ್ಚಿ ಮೊದಲ ಗಾಡಿಯ ನಂಬರನ್ನು ಪಟಪಟನೆ ಓದಿದರು. "ಅಬ್ ದೂಸ್ರಾ. ವೋ ಕಾಲಾ ಗಾಡಿ" ಎಂದರು ಇನ್‌ಸ್ಪೆಕ್ಟರು. ಭಟ್ಟರು ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡರು.

ನಾನು ಸಾಲಿನ ಪಕ್ಕದಿಂದ, ಬಡಿಸುವವರ ಅದೇ ರಾಗದಲ್ಲಿ ಕೂಗಿದೆ: "ಭಟ್ರೇ, ಎರಡು ಇಡ್ಲಿ, ಏಳು ವಡೆ, ಒಂದು ಮಸಾಲೆ, ನಾಲ್ಕು ಕಾಫಿ!"

"ದೋ... ಸಾತ್... ಏಕ್... ಚಾರ್" ಎಂದರು ಭಟ್ಟರು.

ಇನ್‌ಸ್ಪೆಕ್ಟರು ಗಕ್ಕನೆ ತಿರುಗಿದರು. "ಏಯ್! ಕ್ಯಾ ಚಿಲ್ಲಾಯಾ ತುಮ್?"

"ಹೋಟೆಲ್‌ವಾಲಾ ಹೈ ಸಾಬ್. ಆರ್ಡರ್ ಬೋಲಾ."

"ಇಧರ್ ಭೀ ಇಡ್ಲಿ? ಸಾಲಾ, ಮದ್ರಾಸಿ ಲೋಗ್ ಕಾ ಪೇಟ್!" ಮದ್ರಾಸಿಗಳ ಹೊಟ್ಟೆಯ ಆ ಮಾತಿಗೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ಇನ್‌ಸ್ಪೆಕ್ಟರೂ ನಕ್ಕು ಕಾಗದದ ಮೇಲೆ ಗೀಚಿದರು. ಗಾಡಿ ಓಡಿಸುವ ಪರೀಕ್ಷೆಯಲ್ಲಿ ಭಟ್ಟರಿಗೆ ಯಾರ ಸಹಾಯವೂ ಬೇಕಾಗಲಿಲ್ಲ.

ಗೇಟು ದಾಟಿದ ಮೇಲೆ ಅವರು ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏಳು ವಡೆ ಯಾರು ತಿಂತಾರೆ ಮಾರಾಯ್ರೆ? ಬಕಾಸುರನಾ? ನಗು ತಡ್ಕೊಳ್ಳೋದೇ ಕಷ್ಟ ಆಯ್ತು ನನಗೆ!" ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಎರಡೂ ಕಣ್ಣಿನಲ್ಲಿ ನೀರು ಬರುತ್ತಿತ್ತು... ಹೋದ ಕಣ್ಣಿನಲ್ಲೂ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಲೈಸೆನ್ಸಿಗೆಂದು ಫೋಟೋ ತೆಗೆಸಿದ್ದರಲ್ಲ, ಅದರ ಒಂದು ಪ್ರತಿಯನ್ನು ಊರಿಗೆ ಕಳಿಸಿದರು. 'ಇವರು ಈಗ ಡ್ರೈವರು' ಎಂದು ಅದರ ಹಿಂದೆ ಬರೆಯಲು ಹೇಳಿದರು. ಟ್ಯಾಕ್ಸಿಯವರು ಎದೆಗೆ ಸಿಕ್ಕಿಸಿಕೊಳ್ಳುವ ಹಿತ್ತಾಳೆಯ ಬಿಲ್ಲೆ ಬಂದ ಮೇಲೆ ಅದನ್ನು ದಿನಾ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಎಡಗಡೆಯ ಕೊರತೆ ತುಂಬಲು ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಗಾಡಿ ಓಡಿಸುತ್ತಿದ್ದರು. ಪ್ರಯಾಣಿಕರು ತಮ್ಮ ಮಾತನ್ನು ಗಮನವಿಟ್ಟು ಕೇಳುವ ಸಭ್ಯಸ್ಥ ಎಂದುಕೊಂಡಿರಬೇಕು. ನಾನು ಜೊತೆಗಿದ್ದಾಗ ಮುಂದೆಯೇ ಕೂರುತ್ತಿದ್ದೆ. ಕೈಗಾಡಿಯೋ ಸೈಕಲ್ಲೋ ಎಡಬದಿಗೆ ಬಂದರೆ ಸುಮ್ಮನೆ ಮಾತಿನ ನಡುವೆ ಹೇಳುತ್ತಿದ್ದೆ. ಅವರು ಸುಮ್ಮನೆ ಬಲಕ್ಕೆ ಸರಿಯುತ್ತಿದ್ದರು. ಎಂಟು ತಿಂಗಳು ಹಾಗೆಯೇ ನಡೆಯಿತು. ಹೊಗೆಯಿಲ್ಲದೆ ಉಳಿದ ಕಣ್ಣಿನ ಕೆಂಪು ಇಳಿದಿತ್ತು.

ಆಮೇಲೆ ನಾನು ಸರಕಾರಿ ಇಲಾಖೆಯೊಂದರ ಪರೀಕ್ಷೆ ಪಾಸಾದೆ. ಅಧಿಕಾರಿಯಾಗಿ ಕೆಲಸಕ್ಕೆ ಸೇರುವ ಬೆಳಿಗ್ಗೆ ಭಟ್ಟರು ಚಾಳಿನ ಮುಂದೆ ಗಾಡಿ ತೊಳೆದು ನಿಲ್ಲಿಸಿದ್ದರು. ಮೀಟರಿಗೆ ಟವೆಲು ಹೊದಿಸಿದ್ದರು. ನಾನು ಎಂದಿನಂತೆ ಮುಂದಿನ ಬಾಗಿಲಿಗೆ ಕೈ ಹಾಕಿದೆ.

"ಛೆ ಛೆ, ಸಾಹೇಬ್ರು ಮುಂದೆ ಕೂತ್ಕೊಳ್ಳುದುಂಟಾ? ಹಿಂದೆ ಕೂತ್ಕೊಳ್ಳಿ. ನೋಡಿದವರು ನಿಮ್ಮನ್ನೂ ಡ್ರೈವರ್ ಅಂತ ತಿಳ್ಕೊಂಡಾರು."

"ಏನ್ ಭಟ್ರೇ, ತಮಾಷೆ ಮಾಡ್ತೀರಾ?"

"ಇವತ್ತೊಂದು ದಿನ, ರಾಯ್ರೇ."

ಹಿಂದೆ ಕೂತೆ.

ಬೈಕುಲ್ಲಾದಲ್ಲಿ ಮಾರುಕಟ್ಟೆಯ ಕಡೆಯಿಂದ ಒಂದು ಗಲ್ಲಿ ಎಡಕ್ಕೆ ಬಂದು ಕೂಡುತ್ತದೆ. ನಾನು ತೊಡೆಯ ಮೇಲೆ ನೇಮಕಾತಿಯ ಪತ್ರ ಬಿಡಿಸಿಕೊಂಡು ಮತ್ತೊಮ್ಮೆ ಓದುತ್ತಿದ್ದೆ. ಹಾರ್ನ್ ಕೇಳಿಸಿತು, ಎರಡು ಸಲ. ತಲೆ ಎತ್ತಿದೆ. ಈರುಳ್ಳಿ ಮೂಟೆ ತುಂಬಿದ ಲಾರಿ ಗಲ್ಲಿಯ ಬಾಯಿಯಲ್ಲಿತ್ತು. ಅದು ಬಹಳ ಜೋರಾಗಿಯೇನೂ ಬರುತ್ತಿರಲಿಲ್ಲ. ನೋಡುವವನಿದ್ದರೆ ನಿಲ್ಲಿಸಲು ಬೇಕಾದಷ್ಟು ಜಾಗವಿತ್ತು. ಲಾರಿ ಎನ್ನಬಹುದಿತ್ತು, ನಿಲ್ಲಿಸಿ ಎನ್ನಬಹುದಿತ್ತು. ನಾನು "ಭಟ್ರೇ!" ಎಂದು ಕಿರುಚಿದೆ.

ಅವರು ತಿರುಗಿ ಮೊದಲು ನೋಡಿದ್ದು ಲಾರಿಯನ್ನಲ್ಲ, ನನ್ನನ್ನು. ನನಗೇನೋ ಆಯಿತೆಂಬ ಗಾಬರಿ ಆ ಮುಖದಲ್ಲಿತ್ತು. ಆಮೇಲೆ ಲಾರಿ ಕಂಡಿತು. ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ಎಳೆದರು. ಲಾರಿ ನಾನು ಕೂತ ಬದಿಯನ್ನು ಸವರಿಕೊಂಡು ನಿಂತಿತು. ಟ್ಯಾಕ್ಸಿ ರಸ್ತೆಯ ನಡುವಿನ ಟ್ರಾಮಿನ ಕಂಬಕ್ಕೆ ಹೋಗಿ ಬಡಿಯಿತು. ಅವರು ಕೂತ ಬದಿ.

ಆ ಮೂರು ಸೆಕೆಂಡುಗಳನ್ನು ನಾನು ಎಷ್ಟು ಸಲ ಬಿಡಿಸಿ ನೋಡಿದ್ದೇನೋ... ಒಮ್ಮೆ ಮುಂದೆ ಕೂತಿರುತ್ತೇನೆ. ಒಮ್ಮೆ ಪತ್ರ ಜೇಬಿನಲ್ಲೇ ಇರುತ್ತದೆ. ಒಮ್ಮೆ ಬೇರೇನೋ ಕೂಗುತ್ತೇನೆ. ಪ್ರತಿ ಸಲವೂ ಅವರು ತಿರುಗಿ ನನ್ನನ್ನೇ ನೋಡುತ್ತಾರೆ. ನನಗೆ ಮೊಣಕೈ ತರಚಿತ್ತು, ಅಷ್ಟೇ. ಅವರು ಆಸ್ಪತ್ರೆಗೆ ಮುಟ್ಟಲಿಲ್ಲ.

ಲಾರಿಯವನ ಲೈಸೆನ್ಸಿನ ವಿಚಾರಣೆ ನಡೆದದ್ದು ಅದೇ ಮೋಟಾರು ಕಚೇರಿಯಲ್ಲಿ. ಘಾಟಿನ ಮೇಲಿನ ಕಡೆಯ ಮರಾಠಿಗ, ನನ್ನದೇ ವಯಸ್ಸು. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಕಣ್ಣಾರೆ ಕಂಡ ಸಾಕ್ಷಿ ನಾನೊಬ್ಬನೇ. ಮೇಜಿನ ಮೇಲಿನ ಕಡತದಲ್ಲಿ ಭಟ್ಟರ ಅರ್ಜಿ ಕಾಣುತ್ತಿತ್ತು. ಅದರಲ್ಲಿದ್ದ ಅಕ್ಷರ ನನ್ನದು.

ವಿಚಾರಣೆ ನಡೆಸುತ್ತಿದ್ದ ಸಾಹೇಬರು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು, ಲಾರಿಯವನು ಹಾರ್ನ್ ಮಾಡಿದನೇ?

ಅವನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಆದರೂ ಹಾರ್ನ್ ಎಂಬ ಮಾತು ಕಿವಿಗೆ ಬಿದ್ದಿರಬೇಕು. ನನ್ನ ಕಡೆ ತಿರುಗಿ, "ಬಾಬೂಜಿ, ಆಪ್ ತೋ ಅಂದರ್ ಬೈಠೇ ಥೇ. ದೋ ಬಾರ್ ಬಜಾಯಾ ಥಾ ನಾ?" ಎಂದು ಎರಡು ಬೆರಳು ಎತ್ತಿ ತೋರಿಸಿದ.

ಕೇಳಿಸಲಿಲ್ಲ ಎಂದೆ.

ಭಟ್ಟರ ಹೆಸರು ಕೆಡಬಾರದೆಂದು, ಅವರ ಹೆಂಡತಿಗೆ ತಲೆ ತಗ್ಗಿಸುವಂತಾಗಬಾರದೆಂದು ಹಾಗೆ ಹೇಳಿದೆ ಎಂದು ಬಹಳ ಕಾಲ ನಂಬಿದ್ದೆ. ಹಾಗಲ್ಲ. ಕಣ್ಣಿನ ಮಾತು ಎದ್ದರೆ ಆ ಫಾರಮ್ಮು ತುಂಬಿದವನಾರು ಎಂದು ಕೇಳುತ್ತಿದ್ದರು. ಹೊಸ ಕೆಲಸ ನನಗೆ ಪ್ರಿಯವಾಗಿತ್ತು. ಅವನ ಲೈಸೆನ್ಸು ರದ್ದಾಯಿತು. ಜೈಲೂ ಆಯಿತೆಂದು ಯಾರೋ ಹೇಳಿದರು, ನಾನು ವಿಚಾರಿಸಲಿಲ್ಲ.

ಅದಾದ ಮೇಲೆ ಭಟ್ಟರ ಹೆಂಡತಿ ತಮ್ಮನನ್ನು ಕರೆದುಕೊಂಡು ಊರಿನಿಂದ ಬಂದರು. ಪೆಟ್ಟಿಗೆ, ಎರಡು ಪಂಚೆ, ಬಿಲ್ಲೆ, ಇಷ್ಟನ್ನು ನಾನು ಒಪ್ಪಿಸಿದೆ. ಆಕೆ ಬಾಗಿಲ ಬಳಿ ನೆಲದ ಮೇಲೆ ಕೂತು ಬಿಲ್ಲೆಯನ್ನು ಸೆರಗಿನಿಂದ ಒರೆಸುತ್ತ ಕೇಳಿದರು.

"ಎಡದ ಕಣ್ಣು ಪೂರಾ ಹೋಗಿತ್ತಾ, ಸ್ವಲ್ಪ ಕಾಣ್ತಿತ್ತಾ?"

ನಾನು ಪಂಚೆಗಳನ್ನು ಮತ್ತೆ ಮಡಿಸತೊಡಗಿದೆ.

"ಫೋಟೋದಲ್ಲಿ ಕಂಡಿತ್ತು ನನಗೆ. ಕೇಳಿ ಬರೆಸುವ ಅಂತ ಇದ್ದೆ. ಕೇಳಿದ್ರೆ ಹೆದರಿ ಗಾಡಿ ಬಿಟ್ಟು ಮತ್ತೆ ಒಲೆ ಮುಂದೆ ಹೋಗಿ ನಿಲ್ತಿದ್ರು. ಹಾಗಾಗಿ ಸುಮ್ಮನಾದೆ." ಬಿಲ್ಲೆಯನ್ನು ಮಡಿಲಿನಲ್ಲಿ ಇಟ್ಟುಕೊಂಡು, "ಆ ಲಾರಿಯವಂದು ತಪ್ಪು ಉಂಟಾ ಅಣ್ಣಾ? ನಿಜ ಹೇಳಿ. ನಾನು ಸುಮ್ಮನಾದದ್ದು ತಪ್ಪಾ, ಅವಂದಾ? ಅದೊಂದು ಗೊತ್ತಾಗ್ಬೇಕು ನನಗೆ" ಎಂದರು.

"ತಪ್ಪು ಅವನದೇ" ಎಂದೆ.

ಆಕೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. "ಆಯ್ತು" ಎಂದು ಎದ್ದರು. ಸಮಾಧಾನವಾಯಿತೋ, ನನ್ನನ್ನು ಇನ್ನಷ್ಟು ಕೇಳುವುದು ಬೇಡವೆನಿಸಿತೋ... ಇವತ್ತಿಗೂ ತಿಳಿಯದು.

ಕಳೆದ ವಾರ ಆ ತಮ್ಮನಿಂದ ಒಂದು ಕಾರ್ಡು ಬಂತು. ಅಕ್ಕ ಹೋದರಂತೆ. ಕೊನೆಯವರೆಗೂ ನಿಮ್ಮನ್ನು ನೆನೆಯುತ್ತಿದ್ದರು ಎಂದು ಬರೆದಿದ್ದಾನೆ. ಹೇಗೆ ನೆನೆಯುತ್ತಿದ್ದರು ಎಂದು ಬರೆದಿಲ್ಲ. ಇನ್ನು ಈ ಮಾತನ್ನು ಯಾರಿಗೂ ಅಂಜದೆ ಬರೆಯಬಹುದು. ಕೇಳಬೇಕಾಗಿದ್ದವರು ಈಗ ಇಲ್ಲ. ಭಟ್ಟರಿಗೆ ಮೂವತ್ತೆಂಟು ತುಂಬಿರಲಿಲ್ಲ. ಲಾರಿಯವನು ಬದುಕಿದ್ದರೆ ನನ್ನಷ್ಟೇ ಮುದುಕನಾಗಿರುತ್ತಾನೆ, ಘಾಟಿನ ಮೇಲೆ ಎಲ್ಲೋ. ಅವನಿಗೆ ಕನ್ನಡ ಓದಲು ಬರುವುದಿಲ್ಲ.